ಬಾಗಿಲ ಬಳಿಯ ಜಾಗ

ಕಾಮೊಮೆಯಾ ಎಂಬ ಹಳೆಯ ಊಟದ ಮನೆಯ ಹೆಬ್ಬಾಗಿಲಲ್ಲಿ ಬೂಟು ಬಿಚ್ಚುತ್ತ ಮಿತ್ಸುಯೊ ತನ್ನ ಕಾಲುಚೀಲದಲ್ಲಿ ತೂತಿದೆಯೇ ಎಂದು ಮೂರನೆಯ ಸಲ ನೋಡಿಕೊಂಡಳು. ಇರಲಿಲ್ಲ. ರೈಲಿನಲ್ಲಿ ಎರಡು ಸಲ ನೋಡಿದಾಗಲೂ ಇರಲಿಲ್ಲ.

"ಇದ್ರೂ ಯಾರು ನೋಡ್ತಾರೆ?" ಎಂದಳು ಅಕ್ಕ ಕಿನುಯೊ, ತನ್ನ ಬೂಟುಗಳನ್ನು ಒಂದರ ಮೇಲೊಂದು ಬೀಳುವಂತೆ ಬಿಟ್ಟು. "ನೋಡೋಕೆ ಬಂದಿರೋದು ನಾವು ಕಣೇ."

ಮಿತ್ಸುಯೊ ಅಕ್ಕನ ಬೂಟುಗಳನ್ನೂ ಎತ್ತಿ, ಮೂತಿ ಹೊರಗೆ ಮಾಡಿ, ಜೋಡಿಸಿಟ್ಟಳು. ನಾಗಾಓಕಾದ ಔಷಧಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವಳದು ಅದೇ ಕೆಲಸ. ಬೇರೆಯವರು ಕಟ್ಟಿದ ಔಷಧಿಯ ಪೊಟ್ಟಣವನ್ನು ಕೊಡುವ ಮುಂಚೆ ಅವಳು ಇನ್ನೊಮ್ಮೆ ನೋಡಬೇಕು. ವರ್ಷಕ್ಕೆ ಎರಡೋ ಮೂರೋ ತಪ್ಪು ಸಿಗುತ್ತಿದ್ದವು. ಆ ಎರಡು ಮೂರು ತಪ್ಪುಗಳಿಗಾಗಿ ಅವಳು ವರ್ಷವಿಡೀ ಎಚ್ಚರವಾಗಿರುತ್ತಿದ್ದಳು, ಮನೆಯಲ್ಲಿಯೂ.

ಮಗಳು ಚಿಗುಸಾ ನೀಗಾತಾಕ್ಕೆ ಬಂದು ಹನ್ನೊಂದು ತಿಂಗಳಾಗಿತ್ತು. ಔಷಧಶಾಸ್ತ್ರದ ಕಾಲೇಜಿನಲ್ಲಿ ಸಿಕ್ಕಿದ್ದ ಸೀಟನ್ನು ಒಂದು ವರ್ಷ ಕಾಯ್ದಿರಿಸಿ, ಫುರುಮಾಚಿ ಬೀದಿಯ ನರ್ತಕಿಯರ ಮನೆಯಲ್ಲಿ ಕಲಿಯಲು ಸೇರಿದ್ದಳು. ಕಾಲೇಜಿಗೆ ಉತ್ತರ ಕೊಡಲು ನಾಳೆ ಕೊನೆಯ ದಿನ. ನರ್ತಕಿಯಾಗಿಯೇ ಉಳಿಯುವುದಾದರೆ ಅದಕ್ಕೂ ಒಂದು ಒಪ್ಪಿಗೆ ಪತ್ರವಿತ್ತು. ಹುಡುಗಿಗೆ ಇನ್ನೂ ಹತ್ತೊಂಬತ್ತು. ಆಗಿನ ಕಾನೂನಿನಂತೆ ಇಪ್ಪತ್ತು ತುಂಬುವವರೆಗೆ ಯಾವ ಕಾಗದಕ್ಕಾದರೂ, ಸಹಿಯ ಬದಲು, ಹೆತ್ತವರ ಮುದ್ರೆ ಬೀಳಬೇಕು. ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಮುದ್ರೆ ಇದ್ದದ್ದು ಮಿತ್ಸುಯೊಳ ಕೈಚೀಲದಲ್ಲಿ, ಎರಡೂ ಕಾಗದಗಳ ಜೊತೆಗೆ.

"ಒಂದೇ ಒಂದು ಸಲ ಬಂದು ನೋಡಮ್ಮ," ಎಂದು ಚಿಗುಸಾ ಫೋನಿನಲ್ಲಿ ಹೇಳಿದ್ದಳು. "ನೋಡಿದ್ಮೇಲೂ ಬೇಡ ಅಂದ್ರೆ ಪೆಟ್ಟಿಗೆ ಕಟ್ಕೊಂಡು ಅವತ್ತೇ ನಿನ್ನ ಜೊತೆ ಬಂದ್ಬಿಡ್ತೀನಿ. ಮಾತು ಅಂದ್ರೆ ಮಾತು."

ಮಿತ್ಸುಯೊ ಒಪ್ಪಿದ್ದಳು. ನೋಡಿದ ಮೇಲೂ ಬೇಡ ಎನ್ನುವುದೆಂದು ಅವಳು ಒಳಗೊಳಗೇ ತೀರ್ಮಾನಿಸಿಯಾಗಿತ್ತು. ಮಗಳ ಹಾಸಿಗೆಯನ್ನು ಬೆಳಿಗ್ಗೆ ಹೊರಗೆ ಗಾಳಿಗೆ ಹಾಕಿ ಬಂದಿದ್ದಳು. ಅವಳ ಭಯ ನೃತ್ಯದ ಬಗ್ಗೆ ಅಲ್ಲ, ನೋಡುವವರ ಬಗ್ಗೆ. ಕುಡಿದು ಕೂತ ಗಂಡಸರ ಮುಂದೆ ಮಗಳು ದಿನವೂ ನಿಲ್ಲುವುದು, ಅವರು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡುವುದು, ಅದಕ್ಕೆ ಅವಳು ನಗುವುದು. ಇದನ್ನು ಅವಳು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಕಾಲೇಜಿನ ಸೀಟು ಹೋಗುತ್ತದೆ ಎಂದಷ್ಟೇ ಹೇಳುತ್ತಿದ್ದಳು.

ನೂರೈವತ್ತು ವರ್ಷ ಜನ ನಡೆದು ನಡೆದು ಕನ್ನಡಿಯಂತಾದ ಮರದ ಮೆಟ್ಟಿಲುಗಳನ್ನು ಹತ್ತಿ ಅವರು ಮೇಲಿನ ಕೋಣೆಗೆ ಬಂದರು. ಅಂದಿನ ಮಧ್ಯಾಹ್ನದ ಊಟಕ್ಕೆ ಹನ್ನೆರಡು ಮಂದಿ. ಸಾದೊ ದ್ವೀಪಕ್ಕೆ ಹೋಗುವ ಹಡಗುಗಳಲ್ಲಿ ದುಡಿದು ನಿವೃತ್ತರಾದ ಎಂಟು ಮುದುಕರು, ಹತ್ತಿರದ ಊರಿನ ಒಬ್ಬ ದಂತವೈದ್ಯ ಮತ್ತು ಅವನ ಹೆಂಡತಿ, ಮತ್ತೆ ಇವರಿಬ್ಬರು. ಹನ್ನೆರಡು ಮಂದಿಯೂ ಹೊಸ್ತಿಲ ಬಳಿ ಗುಂಪಾಗಿ ನಿಂತಿದ್ದರು. ಯಾರೂ ಒಳಗೆ ಕಾಲಿಡಲೊಲ್ಲರು. ಚಿತ್ರಪಟ ತೂಗುಹಾಕಿದ ಗೂಡಿನ ಮುಂದಿನ ಜಾಗ ಎಲ್ಲಕ್ಕಿಂತ ಮೇಲು. ಅಲ್ಲಿಂದ ಇಳಿಯುತ್ತ ಬಂದು ಬಾಗಿಲ ಬಳಿಯದು ಕೊನೆಯದು. ಮೊದಲು ಹೋದವನು ಎಲ್ಲಿ ಕೂರಬೇಕಾಗುತ್ತದೋ ಎಂಬ ಸಂಕೋಚ ಎಲ್ಲರಿಗೂ.

"ಡಾಕ್ಟ್ರೇ, ನೀವು ಮೇಲಕ್ಕೆ ದಯಮಾಡ್ಸಿ."

"ಅಯ್ಯೋ, ನಾನ್ಯಾಕೆ? ಹಿರಿಯರು ನೀವಿದೀರಿ."

"ನಾವು ಹಡಗಿನ ಅಡಿಯಲ್ಲಿ ಇಂಜಿನ್ ತಿರುಗಿಸ್ತಿದ್ದೋರು, ನಮ್ದು ಯಾವಾಗ್ಲೂ ಕೆಳಗೇ."

"ಹಿಂಗೇ ನಿಂತ್ಕೊಂಡ್ರೆ ಬಡಿಸೋಕಿಟ್ಟ ಮೀನು ವಾಪಸ್ ಸಮುದ್ರಕ್ಕೆ ಹೋಗ್ಬಿಡತ್ತೆ ಕಣ್ರಯ್ಯಾ!" ಎಂದು ಅವರಲ್ಲೊಬ್ಬ ಕೂಗಿದ. ಅಗಲ ಮುಖ, ಕೆಂಪು ಕಿವಿ, ಊಟಕ್ಕೆ ಮುಂಚೆಯೇ ಎಲ್ಲೋ ಒಂದು ಬಟ್ಟಲು ಇಳಿಸಿ ಬಂದವನಂತಿದ್ದ. ಉಳಿದವರು ಅವನನ್ನು ಇಗಾರಾಶಿ ಎಂದು ಕರೆಯುತ್ತಿದ್ದರು. "ಇವತ್ತು ಹೊಸ ಹುಡುಗಿಯಂತೆ. ಎಷ್ಟು ಚೆನ್ನಾಗಿದಾಳೋ ನೋಡೋಣ ನಡೀರಿ!"

ಮಿತ್ಸುಯೊ ತಿರುಗಿ ಅವನ ಮುಖವನ್ನು ಗುರುತಿಟ್ಟುಕೊಂಡಳು.

ಕೊನೆಗೆ ಒಡತಿಯೇ ಬಂದು ಒಬ್ಬೊಬ್ಬರನ್ನೇ ಕೂರಿಸತೊಡಗಿದಳು. ಅರವತ್ತರ ಹೆಂಗಸು, ಬೂದಿ ಬಣ್ಣದ ಕಿಮೊನೊ, ಮೆಲುದನಿ. ಮಿತ್ಸುಯೊಗೆ ಅವಳು ತೋರಿಸಿದ್ದು ಮೇಲಿನಿಂದ ಎರಡನೆಯ ಜಾಗ. ಮಿತ್ಸುಯೊ ಹಿಂದೆ ಸರಿದಳು. ಇಲ್ಲಿ ಕುಣಿಯಲಿರುವವಳ ತಾಯಿ ತಾನು. ಅಂದರೆ ಮನೆಯ ಕಡೆಯವಳು. ಗಿರಾಕಿಗಳಿಗಿಂತ ಮೇಲೆ ಕೂರುವುದೆಂದರೇನು? ನೇರವಾಗಿ ಬಾಗಿಲ ಬಳಿಯ ಕೊನೆಯ ದಿಂಬಿನ ಮೇಲೆ ಹೋಗಿ ಮೊಣಕಾಲೂರಿದಳು. ಕಿನುಯೊ ಮಾತ್ರ ತೋರಿಸಿದ ಕಡೆ ಸುಖವಾಗಿ ಕೂತು ಕೈ ಒರೆಸಿಕೊಳ್ಳುತ್ತಿದ್ದಳು.

ಒಡತಿ ಮಿತ್ಸುಯೊಳ ಪಕ್ಕಕ್ಕೆ ಬಂದು ಮೊಣಕಾಲೂರಿದಳು. "ಇಲ್ಲಿ ಸ್ವಲ್ಪ ಗಾಳಿ ಬರತ್ತೆ."

"ಪರವಾಗಿಲ್ಲ, ನನಗೆ ಮೊದಲೇ ಸೆಕೆ ಜಾಸ್ತಿ."

"ಬಡಿಸೋರು ಇಲ್ಲೇ ಓಡಾಡ್ತಾರೆ. ನಿಮಗೆ ತೊಂದರೆ ಆಗತ್ತೇನೋ."

"ನನ್ನಿಂದ ಅವರಿಗೆ ತೊಂದರೆ ಆಗದ ಹಾಗೆ ಒತ್ತರಿಸಿ ಕೂರ್ತೀನಿ."

"ಮೇಲಿಂದ ತೋಟ ತುಂಬ ಚೆನ್ನಾಗಿ ಕಾಣತ್ತೆ…"

"ಇಲ್ಲಿಂದಾನೂ ಕಾಣ್ತಿದೆ. ಖಂಡಿತ ಚೆನ್ನಾಗಿದೆ."

ಒಡತಿ ತಲೆಬಾಗಿ ಎದ್ದುಹೋದಳು. ಇದಕ್ಕಿಂತ ಬಿಡಿಸಿ ಹೇಳಿದ್ದರೆ ಅತಿಥಿಗೆ ಅವಮಾನವಾಗುತ್ತಿತ್ತು. ಮಿತ್ಸುಯೊ ಎರಡನೆಯ ಜಾಗಕ್ಕೆ ಬರುವುದಿಲ್ಲವೆಂದು ಖಚಿತವಾದ ಮೇಲೆ ಇಗಾರಾಶಿ ತಲೆ ಕೆರೆದುಕೊಳ್ಳುತ್ತ ಹೋಗಿ ಅಲ್ಲಿ ಕೂತ.

ತಣ್ಣಗಿನ ನೊಪ್ಪೆ ಬಂತು. ಕೆಸುವಿನ ಗಡ್ಡೆಯ ಮೇಲೆ ಮೀನಿನ ಕೆಂಪು ಮೊಟ್ಟೆಗಳು. ಆಮೇಲೆ ಸುಟ್ಟ ಮೀನು. ಅದನ್ನು ಮುಗಿಸುವ ಹೊತ್ತಿಗೆ ಇಬ್ಬರು ಆಳುಗಳು ಚಿನ್ನದ ಬಣ್ಣದ ಮಡಿಕೆ ಪರದೆಯನ್ನು ಹೊತ್ತು ತಂದು ಬಾಗಿಲ ಕಡೆಯ ಗೋಡೆಗೆ ನಿಲ್ಲಿಸಿದರು. ಪರದೆಯ ಅಂಚು ಮಿತ್ಸುಯೊಳ ಭುಜದಿಂದ ಒಂದು ಗೇಣು ದೂರದಲ್ಲಿತ್ತು. ಆಗ ಅವಳಿಗೆ ಹೊಳೆಯಿತು. ಕುಣಿಯುವವರು ಪರದೆಯ ಮುಂದೆ, ಮೇಲಿನ ಜಾಗಗಳಿಗೆ ಮುಖ ಮಾಡಿ ನಿಲ್ಲುತ್ತಾರೆ. ತಾನು ಕೂತಿರುವುದು ಅವರ ಹಿಂದೆ. ಒಡತಿ ಹೇಳಿದ ಗಾಳಿ, ಬಡಿಸುವವರು, ತೋಟ ಎಲ್ಲವೂ ಇದೊಂದನ್ನೇ ಹೇಳುತ್ತಿದ್ದವು.

ಆಚೆಯಿಂದ ಕಿನುಯೊ ಕಣ್ಣರಳಿಸಿ, ತನ್ನ ಬೆನ್ನನ್ನು ಬೆರಳಿನಿಂದ ತೋರಿಸಿ, ಬಾಯಿಗೆ ಕೈ ಮುಚ್ಚಿಕೊಂಡು ನಗುತ್ತಿದ್ದಳು. ಈಗ ಎದ್ದರೆ ಹನ್ನೊಂದು ಮಂದಿಯೂ ಏಳುತ್ತಾರೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮಿತ್ಸುಯೊ ಅಲುಗಾಡಲಿಲ್ಲ. ಒಂದು ಗಂಟೆ ರೈಲಿನಲ್ಲಿ ಬಂದು ಮಗಳ ಬೆನ್ನು ನೋಡಿ ಹೋಗುವವಳು ತಾನೊಬ್ಬಳೇ ಇರಬೇಕು ಎಂದುಕೊಂಡಳು. ಆಮೇಲೆ, ಮುಖ ಕಾಣದಿದ್ದರೆ ಬೇಡ ಎನ್ನುವುದು ಸುಲಭವೇ ಆಯಿತು, ಎಂದೂ ಅನ್ನಿಸಿತು.

ಮೂರು ತಂತಿಯ ಶಾಮಿಸೆನ್ ಹಿಡಿದು ಒಬ್ಬ ಮುದುಕಿ ಬಂದು ಪರದೆಯ ಇನ್ನೊಂದು ತುದಿಯ ಬಳಿ ಕೂತಳು. ಎಪ್ಪತ್ತೆರಡಾಗಿದ್ದರೂ ಎಲ್ಲರಿಗೂ ಅವಳು ಒತೊಮಿ ಅಕ್ಕ. ಅವಳ ಹಿಂದೆ ಬಂದವಳು ಚಿಗುಸಾ. ಹೊಸ್ತಿಲಲ್ಲಿ ಹಣೆ ನೆಲಕ್ಕೆ ಮುಟ್ಟಿಸಿ ಎದ್ದು, ತಾಯಿಯ ಮುಂದೆಯೇ ಹಾದು, ಬೆನ್ನು ತೋರಿಸಿ ನಿಂತಳು. ತಾಯಿ ಬಾಗಿಲ ಬಳಿ ಇರಬಹುದೆಂದು ಅವಳಿಗೆ ತೋಚಲೇ ಇಲ್ಲ.

ಬಿಳಿ ಬಳಿದ ಕತ್ತಿನ ಹಿಂಭಾಗ. ಕಪ್ಪು ಕಿಮೊನೊದ ಅಂಚಿನಲ್ಲಿ ಅಲೆಗಳು. ಬಿಗಿದು ಕಟ್ಟಿದ ನಡುಪಟ್ಟಿ. ಹಾಡು ಶುರುವಾಯಿತು. ವಸಂತದಲ್ಲಿ ಬಂದರು ಬಿಟ್ಟು ಹೊರಡುವ ಹಡಗನ್ನು ದಡದಲ್ಲಿ ನಿಂತು ಕಳಿಸಿಕೊಡುವ ಹೆಣ್ಣಿನ ಹಾಡು.

ಮಿತ್ಸುಯೊಗೆ ಮಗಳ ಮುಖ ಕಾಣಲಿಲ್ಲ. ಅವಳ ಹಿಮ್ಮಡಿಗಳು ಕಂಡವು. ಮಂಡಿ ಬಗ್ಗಿಸಿ ಇಳಿಯುವಾಗ ಹಿಮ್ಮಡಿ ನೆಲದಿಂದ ಒಂದು ಬೆರಳಿನಷ್ಟು ಎದ್ದು, ಅಲ್ಲೇ ನಿಂತು, ಸಣ್ಣಗೆ ಕಂಪಿಸುತ್ತಿತ್ತು. ಮೇಲೆ ತೋಳಿನಲ್ಲಾಗಲಿ ಭುಜದಲ್ಲಾಗಲಿ ಆ ಕಂಪನದ ಸುಳಿವಿರಲಿಲ್ಲ. ಬಿಳಿ ಬಣ್ಣದ ಮೇಲೆ ಬೆವರಿನ ಒಂದು ಹನಿ ಕತ್ತಿನಿಂದ ಇಳಿದು ಕಾಲರಿನೊಳಗೆ ಹೋಯಿತು. ಮುಂದಿನಿಂದ ನೋಡುವವರಿಗೆ ಇದೆಲ್ಲ ಸುಲಭವಾಗಿ ಕಾಣುತ್ತಿರಬೇಕು. ಹಿಂದಿನಿಂದ ನೋಡಿದರೆ ಹೊರೆ ಹೊತ್ತವಳ ಬೆನ್ನು ಅದು.

ಆಮೇಲೆ ಅವಳು ನೋಡುವವರ ಕಡೆ ನೋಡಿದಳು. ಆ ಜಾಗದಿಂದ ಹನ್ನೊಂದು ಮುಖಗಳೂ ಎದುರಿಗೇ ಇದ್ದವು, ಮಗಳಿಗೆ ಕಾಣುವಂತೆಯೇ. ತಪ್ಪು ಹುಡುಕುವ ಕಣ್ಣಿನಿಂದ ಅವಳು ಮೊದಲು ಇಗಾರಾಶಿಯ ಮುಖವನ್ನು ಹಿಡಿದಳು. ಅವನ ಕೈಯ ಬಟ್ಟಲು ಬಾಯಿಯ ಹತ್ತಿರ ಹೋಗಿ, ಅರ್ಧದಲ್ಲಿ ನಿಂತು, ಓರೆಯಾಗಿ, ತೊಡೆಗೆ ಹಾಸಿದ್ದ ಕರವಸ್ತ್ರದ ಮೇಲೆ ತೊಟ್ಟಿಕ್ಕುತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. ಅವನ ನೋಟ ಹುಡುಗಿಯ ಮೇಲೆ ನಿಂತಿರಲೇ ಇಲ್ಲ. ಅವಳ ಬೆರಳು ತೋರಿಸಿದ ಕಡೆಗೆ, ಗೋಡೆಯಾಚೆ ಎಲ್ಲೋ ದೂರ, ಸಮುದ್ರವಿರಬೇಕಾದ ಕಡೆಗೆ ಹೋಗಿತ್ತು. ಪಕ್ಕದವನದೂ ಹಾಗೆಯೇ. ದಂತವೈದ್ಯ ಬಾಯಿ ತೆರೆದು ಕೂತಿದ್ದ. ಮಿತ್ಸುಯೊ ಒಂದೊಂದೇ ಮುಖವನ್ನು ದಾಟುತ್ತ ಬಂದಳು. ಅವಳು ಹೆದರಿದ್ದ ನೋಟ ಆ ಹನ್ನೊಂದರಲ್ಲಿ ಎಲ್ಲೂ ಸಿಗಲಿಲ್ಲ. ಎರಡನೆಯ ಸಲ ಹುಡುಕಿದಳು.

ಮಗಳು ನಡುಪಟ್ಟಿಯಿಂದ ತೆಗೆದ ಮಡಿಸಿದ ಬೀಸಣಿಗೆ ಸಿಕ್ಕಿಕೊಂಡದ್ದು ಆಗಲೇ.

ಚಿಗುಸಾ ಅದನ್ನು ಮಣಿಕಟ್ಟನ್ನು ಒಂದೇ ಸಲ ಕೊಡವಿ ಬಿಚ್ಚಬೇಕಿತ್ತು. ಮುಕ್ಕಾಲು ಬಿಚ್ಚಿ ಒಂದು ಕಡ್ಡಿ ಅಂಟಿಕೊಂಡಿತು. ಮಗಳು ನಿಲ್ಲಲಿಲ್ಲ. ಕಡಲ ಗಾಳಿ ತೋಳನ್ನು ಹಿಂದಕ್ಕೆ ತಳ್ಳಿತೆಂಬಂತೆ ಕೈಯನ್ನು ಬೆನ್ನ ಹಿಂದೆ ತಂದಳು. ಅಲ್ಲಿ, ತಾಯಿಯ ಕಣ್ಣಿನಿಂದ ಮೂರಡಿ ದೂರದಲ್ಲಿ, ಹೆಬ್ಬೆರಳು ಕಡ್ಡಿಯನ್ನು ಹುಡುಕುತ್ತ ಹೋಯಿತು. ಒಂದನ್ನು ತಡವಿ ಬಿಟ್ಟಿತು. ಇನ್ನೊಂದನ್ನು ತಡವಿತು.

ಹಾಡು ಮುಂದೆ ಹೋಗಿಬಿಡುತ್ತದೆ ಎಂದು ಮಿತ್ಸುಯೊ ಒತೊಮಿಯ ಕಡೆ ತಿರುಗಿದಳು. ಮುದುಕಿ ತಂತಿ ನೋಡುತ್ತಿರಲಿಲ್ಲ. ಅವಳ ಕಣ್ಣು ಆ ಹೆಬ್ಬೆರಳಿನ ಮೇಲಿತ್ತು. ಮುಗಿಯಬೇಕಿದ್ದ ಸ್ವರವನ್ನು ಗಂಟಲಲ್ಲೇ ಹಿಡಿದು ಒಂದು ಉಸಿರಿನಷ್ಟು ಎಳೆದಳು. ಆ ಕೋಣೆಯಲ್ಲಿ ಆ ಹೆಬ್ಬೆರಳನ್ನು ನೋಡುತ್ತಿದ್ದವರು ಇಬ್ಬರೇ. ಕಡ್ಡಿ ಸರಿಯಿತು. ಸ್ವರ ಇಳಿಯಿತು. ಬೀಸಣಿಗೆ ಬೆನ್ನ ಹಿಂದಿನಿಂದ ಪೂರ್ತಿ ಬಿಚ್ಚಿಕೊಂಡೇ ಮೇಲೆದ್ದಿತು, ದಡದಿಂದ ದೂರ ಸರಿದ ಮೇಲೆ ಹಾಯಿ ಏರಿದ ಹಾಗೆ. ಮೇಲಿನ ಜಾಗಗಳಿಂದ "ಆಹಾ" ಎಂಬ ಸದ್ದು ಬಂತು.

ಮಿತ್ಸುಯೊ ತನ್ನ ಮುಷ್ಟಿಗಳನ್ನು ಬಿಡಿಸಿದಳು. ಹನ್ನೊಂದು ತಿಂಗಳಿಂದ ಮಗಳನ್ನು ಕಣ್ಣಿಟ್ಟು ಕಾಯುವವರು ಯಾರೂ ಇಲ್ಲವೆಂದು ಅವಳು ನಿದ್ದೆಗೆಟ್ಟಿದ್ದಳು.

ನೃತ್ಯ ಮುಗಿದ ಮೇಲೆ ಚಿಗುಸಾ ಬಿಸಿ ಮದ್ಯದ ಹೂಜಿ ಹಿಡಿದು ಮೇಲಿನಿಂದ ಸುರಿಯುತ್ತ ಬಂದಳು. ಎರಡನೆಯ ಜಾಗದಲ್ಲಿ ಇಗಾರಾಶಿ ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

"ಕೊನೇಲಿ ನನ್ನನ್ನೇ ನೋಡಿ ಕಳಿಸ್ಕೊಟ್ಟ ಹಾಗಾಯ್ತು ಕಣಮ್ಮಾ ಕೊತ್ಸುರು," ಎಂದ. ಕೊತ್ಸುರು ಎಂಬುದು ಅವಳಿಗೆ ಇಲ್ಲಿ ಇಟ್ಟ ಹೆಸರು. "ಮೂವತ್ತು ವರ್ಷ ಹಡಗಲ್ಲಿದ್ದೆ. ಒಬ್ರೂ ದಡಕ್ಕೆ ಬಂದು ಹಂಗೆ ನಿಂತಿರಲಿಲ್ಲ. ನನ್ನ ಹೆಂಡ್ತಿ ಹೊರಡುವಾಗ ಏನು ಮಾಡ್ತಿದ್ಲು ಗೊತ್ತಾ? ದಾರೀಲಿ ಬಿಸಾಕಿ ಅಂತ ಕಸದ ಚೀಲ ಕೈಗೆ ಕೊಡ್ತಿದ್ಲು."

"ಅದನ್ನ ಎರಡೂ ಕೈಯಲ್ಲಿ ಕೊಡ್ತಿದ್ರಾ, ಒಂದೇ ಕೈಯಲ್ಲಾ?"

"ಎರಡೂ ಕೈ ಬೇಕಿತ್ತು. ಎರಡು ಚೀಲ ಇರ್ತಿತ್ತು!"

"ಹಾಗಾದ್ರೆ ಅದೂ ಮರ್ಯಾದೆನೇ ಬಿಡಿ. ಯಜಮಾನ್ರೇ, ಇದು ನಾಲ್ಕನೇದು. ಸೊಸೆ ಎರಡೇ ಅಂದಿದ್ರಂತೆ."

"ಯಾರು ಹೇಳಿದ್ದು ನಿಂಗೆ?"

"ನೀವೇ. ಈಗಷ್ಟೇ, ಎರಡನೇದು ಮುಗಿಸುವಾಗ."

ಮುದುಕರೆಲ್ಲ ತೊಡೆ ತಟ್ಟಿ ನಕ್ಕರು. ಇಗಾರಾಶಿ ಬಟ್ಟಲನ್ನು ಬೋರಲು ಹಾಕಿ ಕೈಮುಗಿದ. ಎಲ್ಲಿ ಬಾಗಬೇಕು, ಎಲ್ಲಿ ತಡೆಯಬೇಕು ಎಂಬುದು ಮಗಳಿಗೆ ಗೊತ್ತಿತ್ತು. ಅದು ತನ್ನಿಂದ ಕಲಿತದ್ದಲ್ಲ ಎಂದು ಮಿತ್ಸುಯೊ ಗಮನಿಸಿದಳು.

ಕಟ್ಟಕಡೆಗೆ, ಬಾಗಿಲ ಬಳಿ. ತಾಯಿಯನ್ನು ಅಲ್ಲಿ ಕಂಡು ಚಿಗುಸಾಳ ಕಣ್ಣು ಒಮ್ಮೆ ಅಗಲವಾಯಿತು, ಆದರೆ ದನಿ ಕದಲಲಿಲ್ಲ. ಕೆಲಸದ ಹೊತ್ತಿನಲ್ಲಿ ತಾಯಿಯೂ ಅತಿಥಿಯೇ.

"ಬಂದದ್ದು ತುಂಬ ಸಂತೋಷ. ಕೊತ್ಸುರು ಅಂತ. ನೊಪ್ಪೆ ರುಚಿಯಾಗಿತ್ತಾ?"

ಮಿತ್ಸುಯೊ ಬಟ್ಟಲು ಚಾಚಿದಳು. "ಯಾವ ಕಡ್ಡಿ?" ಎಂದು ಮೆಲ್ಲಗೆ ಕೇಳಿದಳು.

ಹೂಜಿ ನಿಂತಿತು. "ಹೊರಗಿನಿಂದ ಮೂರನೇದು," ಎಂದಳು ಹುಡುಗಿ, ಈಗ ತನ್ನ ಸ್ವಂತ ದನಿಯಲ್ಲಿ. "ಕಾಣಿಸ್ತಾ?"

"ನಾನು ಕೂತಿರೋದು ಇಲ್ಲಿ ತಾನೇ."

"ಯಾಕಮ್ಮಾ ಇಲ್ಲಿ ಕೂತೆ? ಕೊನೇ ನೋಟ ನಿಂಗೆ ಅಂತ ಹದಿನೈದು ದಿನದಿಂದ ಅಭ್ಯಾಸ ಮಾಡಿದ್ದೆ. ಮೇಲಿಂದ ಎರಡನೇ ಜಾಗ ಅಂತ ಒಡತಿಯಮ್ಮ ಹೇಳಿದ್ರು. ತಲೆ ಎತ್ತಿ ನೋಡ್ತೀನಿ, ಅಲ್ಲಿ ಇಗಾರಾಶಿ ಯಜಮಾನ್ರು!"

"ಅಯ್ಯೋ. ಆಮೇಲೆ?"

"ಆಮೇಲೇನು? ಅವರಿಗೇ ಕೊಟ್ಬಿಟ್ಟೆ."

ಮಿತ್ಸುಯೊ ನಕ್ಕುಬಿಟ್ಟಳು. ಬಟ್ಟಲಲ್ಲಿದ್ದದ್ದು ಬೆರಳ ಮೇಲೆ ಚೆಲ್ಲಿತು. ಬೆರಳು ಒರೆಸಿಕೊಳ್ಳುತ್ತ ಕೇಳಿದಳು. "ಹೆದರಿಕೆ ಆಗಲಿಲ್ವಾ?"

"ಆಯ್ತು. ಒತೊಮಿ ಅಕ್ಕ ಕಾದ್ರು."

"ನೋಡಿದೆ," ಎಂದಳು ಮಿತ್ಸುಯೊ. "ಅದನ್ನೂ ನೋಡಿದೆ."

ಊಟದ ಕೊನೆಗೆ ಅನ್ನ, ಸಾರು, ಉಪ್ಪಿನಕಾಯಿ ಬಂದು ಹೋದವು. ಅತಿಥಿಗಳು ಇಳಿಯತೊಡಗಿದಾಗ ಒಡತಿ ಅಕ್ಕತಂಗಿಯರನ್ನು ಮೆಟ್ಟಿಲ ಪಕ್ಕದ ಸಣ್ಣ ಕೋಣೆಗೆ ಕರೆದೊಯ್ದಳು. ಒತೊಮಿ ಅಲ್ಲಿ ಶಾಮಿಸೆನ್ನಿನ ತಂತಿ ಸಡಿಲಿಸುತ್ತ ಕೂತಿದ್ದಳು.

ಮಿತ್ಸುಯೊ ಹದಿನಾಲ್ಕು ಪ್ರಶ್ನೆ ಬರೆದುಕೊಂಡು ಬಂದಿದ್ದಳು. ಚೀಟಿ ತೆಗೆಯದೆ ಒಂದನ್ನು ಕೇಳಿದಳು. "ಅವಳಿಗೆ ಹುಷಾರು ತಪ್ಪಿದ್ರೆ ಯಾರು ನೋಡ್ಕೋತಾರೆ?"

"ನವೆಂಬರಲ್ಲಿ ತಪ್ಪಿತ್ತಲ್ಲ," ಎಂದಳು ಒತೊಮಿ. "ಮೂರು ದಿನ ಜ್ವರ. ಗಂಜಿ ಮಾಡಿ ಕೊಟ್ಟೆ. ಮಲಗಿದ್ದ ಕಡೆಯಿಂದಾನೇ ನನ್ನ ಮಾತ್ರೆ ಡಬ್ಬಿ ತರಿಸ್ಕೊಂಡು, ಅಕ್ಕಾ, ಇದನ್ನ ಅದರ ಜೊತೆ ನುಂಗಬಾರದು ಅಂತ ನಂಗೇ ಪಾಠ ಹೇಳಿದ್ಲು. ಡಾಕ್ಟ್ರನ್ನ ಕೇಳಿದ್ರೆ ಹೌದು ಅಂದ್ರು. ಯಾರ ಮಗಳೋ ಅಂದ್ಕೊಂಡೆ. ಈಗ ಗೊತ್ತಾಯ್ತು."

ಜ್ವರದ ವಿಷಯ ಮಿತ್ಸುಯೊಗೆ ಗೊತ್ತಿರಲಿಲ್ಲ. ಅಮ್ಮ ಹೆದರುತ್ತಾಳೆಂದು ಮಗಳು ಮುಚ್ಚಿಟ್ಟಿದ್ದಳು. ಎದೆಯೊಳಗೆ ಚುಚ್ಚಿತು. ಚುಚ್ಚಿದ ಜಾಗದಲ್ಲೇ ಬೆಚ್ಚಗೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಅವಳಿಗೆ ತಿಳಿಯಲಿಲ್ಲ.

"ಒಡತಿಯಮ್ಮ," ಎಂದಳು, "ಆಗ ನೀವು ಗಾಳಿ ಅಂದಿದ್ದು ನನಗೆ ಅರ್ಥವಾಗಲಿಲ್ಲ. ಕ್ಷಮಿಸಿ."

"ನಾನೇ ಸರಿಯಾಗಿ ಹೇಳಲಿಲ್ಲ. ನನ್ನನ್ನ ಕ್ಷಮಿಸಿ."

"ಇಲ್ಲ, ನಾನೇ…"

"ಶುರುವಾಯ್ತು!" ಎಂದು ಕಿನುಯೊ ಗದರಿದಳು. "ಇಬ್ರೂ ಸಂಜೆವರೆಗೆ ಕ್ಷಮಿಸ್ಕೊಳ್ತಾ ಕೂತ್ರೆ ರೈಲು ಕ್ಷಮಿಸಲ್ಲ. ಏ ಮಿತ್ಸು, ಏನಂತೀಯ ಹೇಳು. ಹುಡುಗಿ ಬಾಗಿಲಾಚೆ ಉಸಿರು ಬಿಗಿಹಿಡ್ಕೊಂಡು ನಿಂತಿದಾಳೆ. ಅವಳ ನೆರಳು ಕಾಣ್ತಿದೆ."

ಕಾಗದದ ಬಾಗಿಲಿನ ಮೇಲೆ ನಿಜವಾಗಿಯೂ ಒಂದು ನೆರಳಿತ್ತು. ಅದು ತಟ್ಟನೆ ಪಕ್ಕಕ್ಕೆ ಸರಿಯಿತು.

ಮಿತ್ಸುಯೊ ಕೈಚೀಲದಿಂದ ಎರಡೂ ಕಾಗದಗಳನ್ನು ತೆಗೆದಳು. ಕಾಲೇಜಿನದನ್ನು ನಾಲ್ಕು ಮಡಿಕೆ ಮಾಡಿ ಮತ್ತೆ ಒಳಗಿಟ್ಟಳು. ನಾಳೆ ಬೆಳಿಗ್ಗೆ ತಾನೇ ಫೋನ್ ಮಾಡಿ, ತಡವಾಗಿ ತಿಳಿಸಿದ್ದಕ್ಕೆ ಕ್ಷಮೆ ಕೇಳಬೇಕು. ಇನ್ನೊಂದನ್ನು ಮೇಜಿನ ಮೇಲೆ ಹರಡಿ ಮೊದಲಿನಿಂದ ಕೊನೆಯವರೆಗೆ ಓದಿದಳು, ಇನ್ನೊಮ್ಮೆ ಓದಿದಳು, ಆಮೇಲೆ ಮುದ್ರೆಯನ್ನು ಕೆಂಪು ಮಸಿಗೆ ಒತ್ತಿ ಕಾಗದದ ಮೇಲೆ ಊರಿದಳು. ಬಾಗಿಲಾಚೆ ಯಾರೋ ದೀರ್ಘವಾಗಿ ಉಸಿರು ಬಿಟ್ಟದ್ದು ಒಳಗೆ ಕೂತ ನಾಲ್ವರಿಗೂ ಕೇಳಿಸಿತು. ಯಾರೂ ಕೇಳಿಸಿದಂತೆ ತೋರಿಸಿಕೊಳ್ಳಲಿಲ್ಲ.

ಒತೊಮಿ ಶಾಮಿಸೆನ್ನನ್ನು ಬಟ್ಟೆಯಲ್ಲಿ ಸುತ್ತುತ್ತ ಕೇಳಿದಳು. "ಬೀಸಣಿಗೆ ಹಿಂದೆ ಹೋದಾಗ ಅವಳ ಎಡ ಮಂಡಿ ಹೇಗಿತ್ತು? ನಂಗೆ ಬದಿಯಿಂದ ಕಾಣಲ್ಲ."

"ಒಳಗಡೆಗೆ ತಿರುಗಿತು," ಎಂದಳು ಮಿತ್ಸುಯೊ, ಯೋಚಿಸಬೇಕಾಗಿಯೇ ಇರಲಿಲ್ಲ. "ಸ್ವಲ್ಪವೇ. ಅದರಿಂದ ಹಿಮ್ಮಡಿ ಮೇಲೆ ಭಾರ ಬಿತ್ತು."

ಮುದುಕಿ ಕೈ ನಿಲ್ಲಿಸಿ ಅವಳನ್ನು ನೋಡಿದಳು. "ಬುಧವಾರ ಬೆಳಿಗ್ಗೆ ಅಭ್ಯಾಸ ಇರತ್ತೆ. ಒಂದ್ಸಲ ಬನ್ನಿ. ಹಿಂದೆ ಕೂತು ನೋಡೋರು ನಮಗೆ ಸಿಗೋದೇ ಇಲ್ಲ."

"ಇವಳನ್ನ ಕರೆದ್ರಾ?" ಎಂದಳು ಕಿನುಯೊ. "ಮುಗೀತು ನಿಮ್ಮ ಕಥೆ. ನಿಮ್ಮ ತಂತಿನೂ ಎಣಿಸೋಕೆ ಶುರು ಮಾಡ್ತಾಳೆ."

"ಎಣಿಸಲಿ ಬಿಡಿ. ಇರೋದು ಮೂರೇ."

ಬುಧವಾರ ಔಷಧಿ ಅಂಗಡಿಗೆ ಅರ್ಧ ದಿನ ರಜೆ, ಅದೂ ಮಧ್ಯಾಹ್ನದ ಮೇಲೆ. ಬೆಳಿಗ್ಗೆಯ ಪಾಳಿಯನ್ನು ಬೇರೆಯವರಿಗೆ ಒಪ್ಪಿಸಬೇಕಾಗುತ್ತದೆ. ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಅದನ್ನು ಯಾರಿಗೂ ಒಪ್ಪಿಸಿರಲಿಲ್ಲ.

"ಎಷ್ಟು ಗಂಟೆಗೆ?" ಎಂದು ಮಿತ್ಸುಯೊ ಕೇಳಿದಳು.